ಅರುಣೋದಯಕ್ಕೆ ಮಲಗುವವಳು

“ತಲೆ ಕಡೆ ಎತ್ತಿ ಹಿಡಿಯೋ ಪರಶು, ನಿನ್ನ ಮೇಲೇ ಜಾರಿ ಬರ್ತಾಳೆ!” ಎಂದು ಜಬ್ಬಾರಣ್ಣ ಮೇಲಿನ ಮೆಟ್ಟಿಲಿನಿಂದ ಕೂಗಿದ. ನಾನು ಮಂಚದ ತಲೆಯ ಕಡೆ ಹಿಡಿದು ಹಿಂದೆ ಹಿಂದೆ ಇಳಿಯುತ್ತಿದ್ದೆ. ಕಾಲು ಮುಂದೆ ಮಾಡಿ ಇಳಿಸಿದ್ದರೆ ಕೆಲಸ ಹಗುರವಾಗುತ್ತಿತ್ತು. ಆದರೆ ಕಾಲು ಮುಂದಾಗಿ ಮನೆ ಬಿಟ್ಟವರು ವಾಪಸು ಬರುವವರಲ್ಲ ಎಂದು ಜಬ್ಬಾರಣ್ಣ ಒಪ್ಪಿರಲಿಲ್ಲ. ಮಂಚದ ಮೇಲೆ ನನ್ನಕ್ಕ ಅಂಬುಜ ಒಂದು ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಗ್ಗುಲಾಗಿ ನಿದ್ದೆ ಮಾಡುತ್ತಿದ್ದಳು. ಬೀದಿಗೆ ಬಂದಾಗ ಬಿಸಿಲು ನೇರ ಅವಳ ಮುಖದ ಮೇಲೆ ಬಿತ್ತು. ರೆಪ್ಪೆ ಕೂಡ ಅಲುಗಲಿಲ್ಲ.

“ಏನ್ ನಿದ್ದೆ ಮಾರಾಯ,” ಎಂದ ಜಬ್ಬಾರಣ್ಣ. ಅವನದು ನಮ್ಮ ಮನೆಯ ಕೆಳಗೇ ನವಾರ ಹೆಣೆಯುವ ಅಂಗಡಿ. ಊರಿನ ಮಲಗುವವರ ಮಂಚಗಳೆಲ್ಲ ಅವನ ಕೈಯಲ್ಲೇ ಆದವು. “ನನ್ನ ಹೆಂಡ್ತಿ ಸಿನಿಮಾ ಟಾಕೀಸಿಗೆ ಮಲಗ್ತಿದ್ದಾಗ ಹಿಂಗೇ. ಮನೇಲಿ ಸಾರು ಉಕ್ಕಿ ಒಲೆ ಆರಿಹೋಗ್ತಿತ್ತು, ಅವಳು ಮಾತ್ರ ಕ್ಲೈಮ್ಯಾಕ್ಸಲ್ಲಿ ಇರೋಳು.”

ಆ ದಿನ ಪುರಸಭೆಯಲ್ಲಿ ಪರವಾನಗಿ ವಿಚಾರಣೆ ಇತ್ತು. ರಾತ್ರಿ ತೆರೆದಿರುವ ಅಂಗಡಿಗಳ ಮಾಲೀಕರು ಬರಬೇಕು, ಅವುಗಳಿಗಾಗಿ ಮಲಗುವವರು ಖುದ್ದು ಹಾಜರಿರಬೇಕು. ವಿಚಾರಣೆ ನಡೆಯುವುದು ಬೆಳಿಗ್ಗೆ, ಮಲಗುವವರು ಏಳುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಮಂಚ ಹೊರುವುದೊಂದೇ ದಾರಿ. ನಾವು ತಲುಪುವ ಹೊತ್ತಿಗೆ ಪುರಸಭೆಯ ಜಗಲಿಯ ತುಂಬ ಮಂಚಗಳಿದ್ದವು. ಬೀಡಾ ಅಂಗಡಿಗೆ ಮಲಗುವ ಮುದುಕ ಗೊರಕೆ ಹೊಡೆಯುತ್ತಿದ್ದ. ನಾಟಕ ಕಂಪನಿಗೆ ಮಲಗುವ ಅವಳಿ ಸೋದರರು ಒಂದೇ ಮಂಚದಲ್ಲಿ, ಒಬ್ಬನ ಕಾಲು ಇನ್ನೊಬ್ಬನ ತಲೆಯ ಹತ್ತಿರ. ಯಾರದೋ ಅಜ್ಜಿ ಸೊಳ್ಳೆ ಬರದಂತೆ ಎಲ್ಲರಿಗೂ ಸರದಿಯಲ್ಲಿ ಬೀಸಣಿಗೆ ಬೀಸುತ್ತಿದ್ದಳು.

ನಮ್ಮ ಊರಿನಲ್ಲಿ ಕಟ್ಟಡಗಳಿಗೆ ನಿದ್ದೆ ಬೇಕು. ರಾತ್ರಿ ಬಾಗಿಲು ಹಾಕಿಕೊಳ್ಳುವ ಕಟ್ಟಡಗಳು ತಮ್ಮ ಪಾಡಿಗೆ ತಾವು ಮಲಗುತ್ತವೆ. ರಾತ್ರಿ ಎಚ್ಚರವಿರುವ ಕಟ್ಟಡದ ನಿದ್ದೆಯನ್ನು ಮರುದಿನ ಹಗಲು ಯಾರಾದರೂ ಮಾಡಿ ಮುಗಿಸಬೇಕು. ಬರೀ ಊಟವಾದರೆ ಮಧ್ಯಾಹ್ನದವರೆಗೆ ಮಲಗಿದರೆ ಸಾಕು. ಹಾಡು ಕುಣಿತ ಇದ್ದರೆ ಬಿಸಿಲು ಇಳಿಯುವವರೆಗೆ. ಹೆಂಡವೂ ಸೇರಿದರೆ ದೀಪ ಹಚ್ಚುವ ಹೊತ್ತಿನವರೆಗೆ. ಒಮ್ಮೆ ಸೇಂದಿ ಅಂಗಡಿಗೆ ಮಲಗುತ್ತಿದ್ದವನ ಕಿವಿಯ ಹತ್ತಿರ ಮಕ್ಕಳು ಪಟಾಕಿ ಹಚ್ಚಿದ್ದರು. ಅವನು ಎದ್ದು ಕೂತ. ಆ ರಾತ್ರಿ ಸೇಂದಿ ಅಂಗಡಿಗೇ ನಿದ್ದೆ ಬಂತು. ಒಳಗಿದ್ದವರು ಲೋಟ ಹಿಡಿದಂತೆಯೇ ಗೋಡೆಗೊರಗಿ, ಮಾರನೆಯ ಸಂತೆಯ ಗದ್ದಲಕ್ಕೂ ಏಳಲಿಲ್ಲ. ಅಂದಿನಿಂದ ಪುರಸಭೆ ಈ ವಿಷಯದಲ್ಲಿ ಕಟ್ಟುನಿಟ್ಟು.

ಅಕ್ಕ ಮಲಗುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ಅರುಣೋದಯ ಫಲಾಹಾರ ಮಂದಿರಕ್ಕೆ. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಅಪ್ಪ ಪುಟ್ಟರಾಯ, ಹೋಟೆಲಿನ ಕೊಟ್ರಪ್ಪನಿಗೆ, “ನಮ್ಮ ಹುಡುಗಿ ಮಲಗ್ತಾಳೆ ಬಿಡಿ” ಎಂದು ಮಾತು ಕೊಟ್ಟಿದ್ದ. ಅಪ್ಪ ಹೋದ. ಮಾತು ಉಳಿಯಿತು. ನಾನು ಬೋರ್ಡು ಬರೆಯುವುದನ್ನು ಕಲಿತ ಮೇಲೆ ಆ ಹೋಟೆಲಿನ ಬಾಗಿಲ ಮೇಲೆ ಕಾನೂನಿನ ಪ್ರಕಾರ ಇರಬೇಕಾದ ಬೋರ್ಡನ್ನು ನಾನೇ ಬರೆದೆ: ಅರುಣೋದಯ, ರಾತ್ರಿಯಿಡೀ ಊಟ ತಿಂಡಿ, ನಿದ್ದೆ: ಅಂಬುಜ. ಆ ಹೆಸರಿಗೆ ನಾನು ಹಾಕಿದ ಹಳದಿ ಊರಿನ ಬೇರೆ ಯಾವ ಬೋರ್ಡಿನಲ್ಲೂ ಇಲ್ಲ. ಅದೊಂದು ಹೆಮ್ಮೆ ಎಂದುಕೊಂಡಿದ್ದೆ. ಆಮೇಲೆ ಯಾವಾಗಲೋ ಆ ದಾರಿಯಲ್ಲಿ ಹೋಗುವಾಗಲೆಲ್ಲ ಬೋರ್ಡನ್ನು ನೋಡದೆ ತಲೆ ತಗ್ಗಿಸಿ ಹೋಗತೊಡಗಿದೆ.

ಈ ಸಲ ಕೊಟ್ರಪ್ಪ ಊಟದ ಜೊತೆಗೆ ಹಾಡಿಗೂ ಅರ್ಜಿ ಹಾಕಿದ್ದ. ಒಂದು ಮೂಲೆಯಲ್ಲಿ ಸಣ್ಣ ವೇದಿಕೆ, ಒಂದು ಹಾರ್ಮೋನಿಯಂ, ಅಷ್ಟೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಅಷ್ಟೇ ಎಂದರೆ ಅಕ್ಕನ ಮಧ್ಯಾಹ್ನಗಳೂ ಹೋದವು ಎಂದು ಅರ್ಥ. ಮಧ್ಯಾಹ್ನ ಎದ್ದು, ಸ್ನಾನ ಮಾಡಿ, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು ಅವಳು ನನ್ನ ಬೋರ್ಡಿನ ಅಕ್ಷರಗಳಿಗೆ ನೆರಳು ಬರೆಯುತ್ತಿದ್ದಳು. ಅಕ್ಷರ ನನ್ನದು, ಅದರ ಪಕ್ಕದ ಕಪ್ಪು ಅವಳದು. ಬಿಸಿಲು ನಿಜಕ್ಕೂ ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿಯೇ ನೆರಳು ಹಾಕುತ್ತಿದ್ದಳು. ಇನ್ನು ಮುಂದೆ ಅವಳಿಗೆ ಬಿಸಿಲೇ ಸಿಗುವುದಿಲ್ಲ ಎಂದಾಗ, ಹಾಡೂ ಬೇಡ, ಊಟವೂ ಬೇಡ, ಪರವಾನಗಿಯೇ ಹೋಗಲಿ, ಅವಳಿಗೆ ಇಡೀ ಹಗಲು ಬರಲಿ ಎಂದು ನಾನು ನಿರ್ಧರಿಸಿಬಿಟ್ಟೆ.

ಪರವಾನಗಿ ಅಧಿಕಾರಿ ಹೊಸಬರು. ಸುಹಾಸ ಎಂದು ಹೆಸರು, ದೊಡ್ಡ ನಗರದಿಂದ ವರ್ಗವಾಗಿ ಬಂದಿದ್ದರು. ಎಳೆ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಯಾರ ಮೇಲೂ ದನಿಯೇರಿಸದ ಮನುಷ್ಯ. ಪಕ್ಕದಲ್ಲಿ ಅಧ್ಯಕ್ಷೆ ಹಾಲಮ್ಮನವರು ಎಲೆಯಡಿಕೆ ಜಗಿಯುತ್ತ ಕೂತಿದ್ದರು.

“ಅರುಣೋದಯಕ್ಕೆ ಆಕ್ಷೇಪಣೆ ಯಾರದಾದ್ರೂ ಇದೆಯಾ?”

“ನಂದಿದೆ ಸಾರ್. ಬೋರ್ಡ್ ಬರೆಯೋ ಪರಶಿವ. ಮಲಗಿರೋಳ ತಮ್ಮ.”

“ಹೇಳಿ. ಏನು ನಿಮ್ಮ ಕೋರಿಕೆ?”

ನಾನು ಗಂಟಲು ಸರಿಮಾಡಿಕೊಂಡೆ. ಅಂಗಡಿಯ ಬಗ್ಗೆ ಆಡಬಾರದ ಒಂದು ಮಾತಿದೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಹೆಚ್ಚಿತು ಎನ್ನುತ್ತೇವೆ, ಕೈಬಳೆ ಒಡೆದರೂ ಹೆಚ್ಚಿತು ಎನ್ನುತ್ತೇವೆ. ನಡೆಯುವ ಅಂಗಡಿಯನ್ನು ನಿಲ್ಲಿಸುವುದಕ್ಕೂ, ದೀಪ ಆರಿಸುವಾಗ ಹೇಳುವ ಮಾತನ್ನೇ ಹೇಳುತ್ತೇವೆ.

“ಅರುಣೋದಯದ ದೀಪ ದೊಡ್ಡದು ಮಾಡಿಸಿ, ಸಾರ್.”

ಹಿಂದೆ ಯಾರೋ ಉಸಿರು ಎಳೆದುಕೊಂಡರು. ಕೊಟ್ರಪ್ಪನ ಮುಖ ಬೂದಿಯಾಯಿತು. ಹಾಲಮ್ಮನವರು ಜಗಿಯುವುದನ್ನು ನಿಲ್ಲಿಸಿದರು.

ಅಧಿಕಾರಿಗಳು ಮಾತ್ರ ನಗುಮುಖದಿಂದ ನನ್ನನ್ನೇ ನೋಡಿದರು. “ದೊಡ್ಡದು? ನೀವೇ ಕೇಳ್ತಿದೀರಾ? ಮನೆಯವರೇ?”

“ನಾನೇ ಸಾರ್.”

“ಎಷ್ಟರ ಮಟ್ಟಿಗೆ?”

“ಪೂರ್ತಿ ಸಾರ್. ಅರ್ಧಂಬರ್ಧ ಬೇಡ.”

“ಯಾರದಾದ್ರೂ ವಿರೋಧ?” ಅವರು ಸುತ್ತ ನೋಡಿದರು. ಎದುರಾಡಲು ಆ ಅಪಶಕುನದ ಮಾತನ್ನು ಮತ್ತೆ ಎತ್ತುವವರು ಯಾರು? ಕೊಟ್ರಪ್ಪ ಕೂಡ ತುಟಿ ಕಚ್ಚಿಕೊಂಡು ಕೈ ಮುಗಿದ. ಅಕ್ಕನ ಮಂಚ ಬಾಗಿಲ ಬಳಿಯೇ ಇತ್ತು. ಅಧಿಕಾರಿಗಳು ಎದ್ದು ಬಂದು ಬಗ್ಗಿ ನೋಡಿ, “ಹಾಜರು” ಎಂದು ಬರೆದುಕೊಂಡರು.

ಮಂಚ ಹೊತ್ತು ವಾಪಸು ಬಂದೆವು. ಮನೆಯ ಮೆಟ್ಟಿಲ ಹತ್ತಿರ ಜಬ್ಬಾರಣ್ಣ, “ಅಂಬುಜನ್ನ ಒಂದ್ಮಾತು ಕೇಳ್ಬೋದಿತ್ತು ಕಣೋ” ಎಂದ.

“ಕೇಳಿದ್ರೆ ಬೇಡ ಅಂತಾಳೆ ಜಬ್ಬಾರಣ್ಣ. ಅಪ್ಪ ಕೊಟ್ಟ ಮಾತು ಅಂತಾಳೆ. ನಿಂಗೊತ್ತಲ್ಲ.”

ಮಧ್ಯಾಹ್ನ ಅಕ್ಕ ಎದ್ದಾಗ ಮೊದಲು ನೋಡಿದ್ದು ಮಂಚದ ಕಾಲಿಗೆ ಮೆತ್ತಿದ್ದ ಮಣ್ಣನ್ನು. “ಎಲ್ಲಿಗೆ ಹೊತ್ತು ಮೆರೆಸಿದ್ರೋ ನನ್ನ?”

“ಪುರಸಭೆಗೆ. ಹಾಜರಿಗೆ.”

“ಚೆನ್ನಾಗಿ ಕಾಣ್ತಿದ್ನಾ? ಬಾಯಿ ಗೀಯಿ ಬಿಟ್ಕೊಂಡಿರಲಿಲ್ಲ ತಾನೆ?”

“ಇಲ್ಲ. ನಾಟಕದ ಅವಳಿಗಳಿಗಿಂತ ಚೆನ್ನಾಗಿದ್ದೆ.”

ಅವಳು ನಕ್ಕು ಕುಂಚ ತೊಳೆದುಕೊಂಡು ಕೂತಳು. ಆ ದಿನ ಒಂದು ಔಷಧಿ ಅಂಗಡಿಯ ಬೋರ್ಡಿತ್ತು. ಷ ಎನ್ನುವ ಅಕ್ಷರದ ಹೊಟ್ಟೆಯೊಳಗೆ ನೆರಳು ಹೇಗೆ ಬೀಳುತ್ತದೆ ಎಂದು ಇಬ್ಬರೂ ತುಂಬ ಹೊತ್ತು ಜಗಳವಾಡಿದೆವು. ನಾನು ಮಾಡಿ ಬಂದ ಕೆಲಸವನ್ನು ಅವಳಿಗೆ ಹೇಳಲಿಲ್ಲ. ಒಂದು ಬೆಳಿಗ್ಗೆ ತಾನಾಗಿಯೇ ಕಣ್ಣು ಬಿಟ್ಟು ಅವಳೇ ಕಂಡುಕೊಳ್ಳಲಿ ಎಂದುಕೊಂಡಿದ್ದೆ.

ಕಂಡುಕೊಂಡವನು ನಾನು. ಒಂದು ದಿನ ಅವಳು ಮಧ್ಯಾಹ್ನಕ್ಕೆ ಏಳಲಿಲ್ಲ. ಅನ್ನ ಆರಿತು. ಬಿಸಿಲು ಕಿಟಕಿಯಿಂದ ಇಳಿದು, ಅವಳ ಮಂಚದ ಮೇಲೆ ಹಾದು, ಎದುರಿನ ಗೋಡೆ ಹತ್ತಿತು. ಕೆಳಗಿನಿಂದ ಯಾರೋ ಕರೆದರು. ಹೋಗಿ ನೋಡಿದರೆ ಕೊಟ್ರಪ್ಪ, ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ನನ್ನನ್ನು ನೋಡಿದ್ದೇ ತಬ್ಬಿಕೊಂಡುಬಿಟ್ಟ.

“ಆವತ್ತು ನಿನ್ನ ಮಾತು ಕೇಳಿ ರಾತ್ರಿಯೆಲ್ಲ ಅತ್ತೆ ಕಣಯ್ಯಾ. ನಮ್ಮ ಪುಟ್ಟರಾಯರ ಮಗ ನನ್ನ ಹೊಟ್ಟೆ ಮೇಲೆ ಹೊಡೆದ ಅಂತ. ಈಗ ನೋಡಿದ್ರೆ ಅಧಿಕಾರಿಗಳು ಊಟ, ಹಾಡು, ಹೆಂಡ ಮೂರೂ ಕೊಟ್ಟವ್ರೆ! ನಾನು ಹೆಂಡ ಕೇಳೇ ಇರಲಿಲ್ಲ. ಯಾಕ್ ಸ್ವಾಮಿ ಅಂದ್ರೆ, ಮನೆಯವರೇ ಪೂರ್ತಿ ದೊಡ್ಡದು ಮಾಡಿ ಅಂತ ಕೇಳವ್ರೆ ಅಂದ್ರು. ನಿನ್ನೆಯಿಂದಲೇ ಶುರು. ಬೋರ್ಡು ಹೊಸದಾಗಿ ಬರೀಬೇಕು. ಅಂಬುಜಮ್ಮನ ಹೆಸರು ಈ ಸಲ ಇನ್ನೂ ದಪ್ಪಗಿರ್ಲಿ.”

ನಾನು ತಲೆಯೆತ್ತಿ ಅಕ್ಕನ ಕಿಟಕಿ ನೋಡಿದೆ. ಜಬ್ಬಾರಣ್ಣ ಒಳಗಿನಿಂದ ಬಂದವನು ನನ್ನ ಮುಖ ನೋಡಿ, ಕೊಟ್ರಪ್ಪನ ಮುಖ ನೋಡಿ, ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡ.

ಅಕ್ಕ ಎದ್ದದ್ದು ದೀಪ ಹಚ್ಚಿದ ಮೇಲೆ. ಎದ್ದು ಕತ್ತಲಾದ ಕಿಟಕಿಯನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. “ದೀಪ ದೊಡ್ಡದು ಮಾಡೋದು ಅಂದ್ರೆ ಆ ಹುಡುಗನಿಗೆ ಗೊತ್ತಿಲ್ವಾ? ಪಾಪ, ಅವರಮ್ಮ ಏನ್ ಕಲಿಸಿದಾಳೋ!” ಎಂದು ನಕ್ಕಳು. ಆಮೇಲೆ, “ಅಲ್ಲಿ ಯಾರೋ ಒಬ್ಬಳು ಹಾಡ್ತಾಳೆ ಕಣೋ” ಎಂದಳು. ಮಲಗುವವರಿಗೆ ನಿದ್ದೆಯಲ್ಲಿ, ಹಿಂದಿನ ರಾತ್ರಿ ಕಟ್ಟಡ ಕೇಳಿದ್ದೆಲ್ಲ ಕೇಳಿಸುತ್ತದೆ. ಊರಿಗೆಲ್ಲ ಇದು ಗೊತ್ತು, ಏನು ಕೇಳಿಸಿತೆಂದು ಯಾರೂ ವಿಚಾರಿಸುವುದಿಲ್ಲ. ಸ್ನಾನದ ಮನೆಯಲ್ಲಿ ಏನು ಮಾಡಿದೆ ಎಂದು ಕೇಳಿದ ಹಾಗಾಗುತ್ತದೆ. ನಾನೂ ಕೇಳಲಿಲ್ಲ. ಅನ್ನ ಬಿಸಿ ಮಾಡಲು ಎದ್ದೆ.

ಮಾರನೆಯ ದಿನ ಪುರಸಭೆಗೆ ಹೋದೆ. ಅಧಿಕಾರಿಗಳ ಕೋಣೆಯಲ್ಲಿ ಹಾಲಮ್ಮನವರೂ ಇದ್ದರು.

“ತಪ್ಪಾಗಿದೆ ಸಾರ್. ನಾನು ಕೇಳಿದ್ದು ಅದಲ್ಲ.”

“ನೀವೇ ಹೇಳಿದ್ರಲ್ಲ, ದೊಡ್ಡದು ಮಾಡಿ ಅಂತ? ಪೂರ್ತಿ ಅಂತ?” ಅವರಿಗೆ ನಿಜಕ್ಕೂ ದಿಗಿಲಾಗಿತ್ತು. “ಹಾಗಾದ್ರೆ ನೀವು ಕೇಳಿದ್ದೇನು?”

“ಅದೇ ಸಾರ್. ದೊಡ್ಡದು ಮಾಡಿ ಅಂತ.”

“ಮಾಡಿದೀನಲ್ಲ!”

“ಹಾಗಲ್ಲ ಸಾರ್. ಬಾಗಿಲು ಮುಂದೆ ಮಾಡಿ ಅಂತ.”

“ಬಾಗಿಲನ್ನ ರಸ್ತೆ ಕಡೆ ಇನ್ನೂ ಮುಂದಕ್ಕೆ ತರೋದಾ? ಅದು ಒತ್ತುವರಿ ಆಗುತ್ತೆ, ಅದಕ್ಕೆ ನಾನು ಒಪ್ಪಲ್ಲ.”

ನಾನು ಹಾಲಮ್ಮನವರ ಕಡೆ ತಿರುಗಿದೆ. “ಅಮ್ಮಾ, ನೀವಾದ್ರೂ ಹೇಳಿ.”

ಹಾಲಮ್ಮನವರು ಕಿಟಕಿಯ ಆಚೆ ನೋಡಿದರು. “ಏನಂತ ಹೇಳ್ಲಪ್ಪಾ? ನನಗೂ ಎರಡು ಅಂಗಡಿ ಅವೆ. ಮೊಮ್ಮಗ ಬೇರೆ ಈಗ ತಾನೆ ಬಟ್ಟೆ ಅಂಗಡಿ ಇಟ್ಟವ್ನೆ.”

“ಅಂದ್ರೆ ನಿಮಗೆ ಗೊತ್ತಿತ್ತಾ ಮೇಡಂ?”

“ಊರಿಗೇ ಗೊತ್ತಿತ್ತು. ನಿಮಗೆ ಗೊತ್ತಿಲ್ಲ ಅಂತ ನಮಗೆ ಗೊತ್ತಿರಲಿಲ್ಲ.”

ಅಧಿಕಾರಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ ಪರಶಿವ, ನಾನು ನಿಮ್ಮ ಕಡೆಯೇ ಇದೀನಿ. ಒಂದೇ ಒಂದು ಶಬ್ದದಲ್ಲಿ ಹೇಳಿಬಿಡಿ. ಆ ಹೋಟೆಲಿಗೆ ಏನು ಮಾಡ್ಬೇಕು?”

ನನಗೆ ಆ ಶಬ್ದ ಗೊತ್ತಿತ್ತು. ಎಲ್ಲ ಮಕ್ಕಳಂತೆ ನಾನೂ ಅದನ್ನು ಯಾವುದೋ ಅಂಗಡಿಯ ಹೆಸರಿಗೆ ಸೇರಿಸಿ ಬಾವಿಯೊಳಗೆ ಬಗ್ಗಿ ಕೂಗಿದ್ದೆ, ಅದಕ್ಕಾಗಿ ಅಪ್ಪನಿಂದ ಏಟೂ ತಿಂದಿದ್ದೆ. ಡಬ್ಬಿಯ ಮುಚ್ಚಳಕ್ಕೆ, ಪುಸ್ತಕಕ್ಕೆ, ಕಣ್ಣಿಗೆ ಅದನ್ನು ದಿನಕ್ಕೆ ಎಷ್ಟೋ ಸಲ ಬಳಸುತ್ತೇವೆ. ಅಂಗಡಿಯ ಹೆಸರಿನ ಜೊತೆ ಮಾತ್ರ ಅದು ಬಾಯಿಂದ ಬರುವುದಿಲ್ಲ. ಹೆಸರು ಬರೆದು ಬದುಕುವ ನನ್ನಂಥವನ ಬಾಯಿಂದ ಬರಲೇಬಾರದು. ನಾನು ಅಕ್ಕನ ಒಣಗಿದ ಕುಂಚವನ್ನು ನೆನೆದುಕೊಂಡೆ.

“ಅರುಣೋದಯ ಮುಚ್ಚಿ,” ಎಂದೆ.

ಹಾಲಮ್ಮನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಹೊರಗೆ ಜಗಲಿಯಲ್ಲಿ ಯಾರದೋ ಕೈಯಿಂದ ತಟ್ಟೆ ಬಿತ್ತು. ಹಾಲಮ್ಮನವರು ಸೆರಗು ತಲೆಯ ಮೇಲೆಳೆದುಕೊಂಡು, ನನ್ನನ್ನು ಮುಟ್ಟದಂತೆ ಗೋಡೆಗೆ ಸರಿದು, ಹೊರಗೆ ಹೋದರು.

“ಇಷ್ಟೇನಾ!” ಎಂದರು ಅಧಿಕಾರಿಗಳು. ಆದರೆ ಅವರ ದನಿಯೂ ತಗ್ಗಿತ್ತು. ಅವರು ನಿಯಮಗಳನ್ನು ತಿರುವಿ ನೋಡಿ, ಕೊಟ್ಟ ಪರವಾನಗಿ ಹಿಂದೆಗೆಯಬೇಕಾದರೆ ಮಲಗುವವರೇ ಎಚ್ಚರವಿದ್ದು, ಸ್ವಂತ ಬಾಯಿಂದ, ಹಗಲಿನ ಸಭೆಯಲ್ಲಿ ಒಪ್ಪಬೇಕು ಎಂದರು.

“ಕೊಡುವಾಗ ಯಾರೂ ಅವಳ ಬಾಯಿ ಕೇಳಲಿಲ್ಲವಲ್ಲ ಸಾರ್?”

“ಕೊಡುವಾಗ ಹಾಜರಿ ಸಾಕು ಅಂತಿದೆ. ಬಿಡುವಾಗ ಬಾಯಿ ಬೇಕು ಅಂತಿದೆ. ಯಾರು ಬರೆದರೋ ಗೊತ್ತಿಲ್ಲ.” ಅವರು ನನ್ನನ್ನು ನೋಡಿದರು. “ಒಂದು ರಾತ್ರಿ ಹೋಟೆಲನ್ನ...” ಎಂದವರು ತಡೆದು, ನಮ್ಮ ಮಾತನ್ನು ಕಲಿತ ಹುಡುಗನ ಹಾಗೆ, “ಒಂದು ರಾತ್ರಿ ದೀಪ ದೊಡ್ಡದು ಮಾಡಿಸ್ತೀನಿ. ಮಾರನೇ ದಿನ ಅವರು ಬರಲಿ” ಎಂದರು.

ಆ ಮಾತು ಆಡಿದ್ದರ ಫಲ ನನಗೆ ಆ ಸಂಜೆಯೇ ಸಿಕ್ಕಿತು. ಬರೆಯಲು ಕೊಟ್ಟಿದ್ದ ಔಷಧಿ ಅಂಗಡಿಯವನು ಬಂದು, ಬೋರ್ಡನ್ನು ಅರ್ಧ ನೆರಳಿನಲ್ಲೇ ಎತ್ತಿಕೊಂಡು ಹೋದ. ಕಿರಾಣಿಯವನು ನಾನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಬೇಕಾದದ್ದನ್ನು ಕಟ್ಟಿ ಹೊರಗೆ ತಂದುಕೊಟ್ಟ. “ಬಾಯಲ್ಲಿ ಬೀಗ ಇಟ್ಕೊಂಡು ಓಡಾಡ್ತೀಯಲ್ಲೋ ಮಾರಾಯ,” ಎಂದ ಜಬ್ಬಾರಣ್ಣ. “ನನ್ನ ಅಂಗಡಿ ಮುಂದೆ ಹಾಯುವಾಗ ಹಾಡು ಗೀಡು ಹೇಳ್ಕೊಂಡು ಹೋಗು.” ಬೇರೆಯವರು ಅವನಷ್ಟು ಹೇಳಲೂ ಇಲ್ಲ. ಇರಲಿ ಎಂದುಕೊಂಡೆ. ಬರೆಯಲು ಹೆಸರುಗಳು ಇನ್ನೊಂದು ಊರಿನಲ್ಲೂ ಇರುತ್ತವೆ. ಇಡೀ ಹಗಲು ಕೈಯಲ್ಲಿದ್ದರೆ ಅಕ್ಕನೂ ನಾನೂ ಎಲ್ಲಿ ಬೇಕಾದರೂ ಹೋಗಬಹುದು.

ಅರುಣೋದಯ ಮೊದಲ ಸಲ ತನ್ನ ನಿದ್ದೆಯನ್ನು ತಾನೇ ಮಾಡಿತು. ಬೆಳಿಗ್ಗೆ ನಾನು ಕಣ್ಣು ಬಿಡುವ ಹೊತ್ತಿಗೆ ಅಕ್ಕ ಆಗಲೇ ಎದ್ದು ಹೊರ ಮೆಟ್ಟಿಲಿನ ಮೇಲೆ ಕೂತಿದ್ದಳು. ಹಾಲಿನವನ ಸೈಕಲ್ಲು, ಬೀದಿ ಗುಡಿಸುವ ಕಡ್ಡಿಪೊರಕೆಯ ಸದ್ದು, ಎದುರು ಮನೆಯ ಗೋಡೆಯ ಮೇಲೆ ಹೊಸ ಬಿಸಿಲು. ಬಾಯಿ ಅರ್ಧ ತೆರೆದು ನೋಡುತ್ತಿದ್ದಳು. ಹತ್ತಿರ ಹೋಗಿ ಕೂತೆ.

“ಹೇಗಿದೆ?”

“ತಣ್ಣಗಿದೆ ಕಣೋ. ಬೆಳಿಗ್ಗೆ ಬಿಸಿಲು ತಣ್ಣಗಿರುತ್ತೆ ಅಂತ ಮರೆತೇಹೋಗಿತ್ತು.”

ಗೆದ್ದೆ ಅನ್ನಿಸಿತು.

ಸಭೆಗೆ ನಡೆದುಕೊಂಡೇ ಹೊರಟೆವು. ಅವಳು ತಿಳಿನೀಲಿ ಸೀರೆ ಉಟ್ಟಿದ್ದಳು. ನಮ್ಮ ಬೀದಿ ದಾಟುವಷ್ಟರಲ್ಲಿ ಸೊಪ್ಪಿನವಳು ಎದುರಾದಳು. ದೂರದಲ್ಲಿ ಊರು ಹಾರಿಹೋಗುವಂತೆ ಕೂಗುತ್ತಿದ್ದವಳು ನಮ್ಮನ್ನು ನೋಡಿ ದನಿ ಇಳಿಸಿದಳು. “ಅಂಬುಜಮ್ಮಾರಾ, ಚೆನ್ನಾಗಿದೀರಾ?” ಎಂದು ಉಸಿರಿನಲ್ಲೇ ಕೇಳಿ ಬುಟ್ಟಿ ಸರಿಪಡಿಸಿಕೊಂಡು ಹೋದಳು. ಮೂಲೆಯ ಕಟಿಂಗ್ ಅಂಗಡಿಯಲ್ಲಿ ಜೋರಾಗಿ ನಡೆಯುತ್ತಿದ್ದ ಜಗಳ ನಾವು ಹತ್ತಿರ ಬಂದಂತೆ ಪಿಸುಮಾತಾಯಿತು, ದಾಟಿ ಹೋದ ಮೇಲೆ ಮತ್ತೆ ಜಗಳವಾಯಿತು. ನನ್ನ ಬಾಯಿಗೆ ಹೆದರಿದ್ದಾರೆ ಎಂದು ಮೊದಲು ನಾನು ಅಂದುಕೊಂಡೆ. ಅಲ್ಲ. ಅವರೆಲ್ಲರ ಕಣ್ಣು ಅಕ್ಕನ ಮೇಲಿತ್ತು. ಮಲಗುವವರಿಗೆ ಎಚ್ಚರವಾಗಬಾರದೆಂದು ದನಿ ತಗ್ಗಿಸಿ ರೂಢಿಯಾದವರು, ಅವಳು ಎದ್ದು ಓಡಾಡಿದರೂ ಪಿಸುಗುಡುತ್ತಿದ್ದರು. ಅವಳ ಜೊತೆ ಓದಿದ ಪ್ರೇಮಲೀಲಾ ತನ್ನ ಮನೆಯ ಬಾಗಿಲಿಂದ ಓಡಿ ಬಂದು ಕೈ ಹಿಡಿದುಕೊಂಡಳು.

“ಎಷ್ಟು ದಪ್ಪಗಾಗಿದೀಯೇ ಪ್ರೇಮಾ!” ಎಂದು ಅಕ್ಕ ಗಟ್ಟಿಯಾಗಿ ನಕ್ಕಳು.

“ಶ್!” ಎಂದಳು ಪ್ರೇಮಲೀಲಾ. ಎಂದವಳು ತಾನೇ ನಾಲಿಗೆ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ಅದೇ ಪಿಸುದನಿಯಲ್ಲಿ, “ರೂಢಿ ಕಣೇ, ಬೇಜಾರು ಮಾಡ್ಕೋಬೇಡ” ಎಂದಳು.

ಅಕ್ಕ ಅವಳ ಕೆನ್ನೆ ತಟ್ಟಿದಳು. ಬಿಸಿಲು ಬಲಿಯುತ್ತಿತ್ತು. ಸೆರಗನ್ನು ಹಣೆಗೆ ಅಡ್ಡ ಹಿಡಿದು ನಡೆದಳು.

ಪುರಸಭೆಯ ಜಗಲಿಯಲ್ಲಿ ಅಂದೂ ಎರಡು ಮೂರು ಮಂಚಗಳಿದ್ದವು. ಬೀಡಾ ಅಂಗಡಿಯ ಮುದುಕನ ಹೊದಿಕೆ ಜಾರಿತ್ತು. ಅಕ್ಕ ಬಗ್ಗಿ ಅದನ್ನು ಸರಿಮಾಡಿದಳು. ಒಂದು ಕ್ಷಣ ಕಿವಿಯನ್ನು ಅವನ ಮುಖದ ಹತ್ತಿರ ತಂದು ಏನನ್ನೋ ಕೇಳಿಸಿಕೊಂಡಳು. ಆಮೇಲೆ ಒಳಗೆ ಬಂದು, ಅಧಿಕಾರಿಗಳು ತೋರಿಸಿದ ಕುರ್ಚಿಯಲ್ಲಿ ಕೂರದೆ ನಿಂತಳು. ಹಾಲಮ್ಮನವರು ನನ್ನಿಂದ ದೂರದ ಕುರ್ಚಿ ಆರಿಸಿಕೊಂಡಿದ್ದರು. ಕೊಟ್ರಪ್ಪ ಮೂಲೆಯಲ್ಲಿದ್ದ. ಹೆಂಡವನ್ನು ನಾನೇ ಬಿಡ್ತೀನಿ, ಹಾಡನ್ನೂ ಬಿಡ್ತೀನಿ, ಊಟವೊಂದು ಉಳಿಸಿಕೊಡಿ, ಆಸ್ಪತ್ರೆಯಿಂದ, ಸ್ಮಶಾನದಿಂದ, ತಡವಾದ ಬಸ್ಸಿನಿಂದ ಬಂದವರು ಎಲ್ಲಿಗೆ ಹೋಗಬೇಕು ಎಂದು ಅಷ್ಟು ಹೊತ್ತಿಗೆ ಎರಡು ಸಲ ಹೇಳಿ ಮುಗಿಸಿದ್ದ.

ಅಧಿಕಾರಿಗಳು ಎದ್ದು ನಿಂತು ಮಾತಾಡಿದರು. ಅವರೂ ಈಗ ತಗ್ಗಿದ ದನಿಯವರಾಗಿದ್ದರು.

“ನನ್ನಿಂದ ತಪ್ಪಾಗಿದೆ ಅಮ್ಮಾ. ನಿಮ್ಮ ತಮ್ಮ ಕೇಳಿದ್ದೊಂದು, ನಾನು ಮಾಡಿದ್ದೊಂದು. ಅದನ್ನ ಸರಿ ಮಾಡ್ತೀನಿ. ಊಟ, ಹಾಡು, ಹೆಂಡ ಮೂರೂ ರದ್ದು. ನಾಳೆಯಿಂದ ಪೂರ್ತಿ ಹಗಲು ನಿಮ್ಮದು. ಹೂಂ ಅಂದ್ರೆ ಸಾಕು.”

“ಈ ಮೊದಲು ನನ್ನ ಯಾರಾದ್ರೂ ಕೇಳಿದ್ರಾ?” ಎಂದು ಅಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. “ಅಪ್ಪ ಮಲಗ್ತಾಳೆ ಅಂದ. ನೀನು ಏಳ್ತಾಳೆ ಅಂದೆ. ಇಬ್ಬರೂ ಹೇಳುವಾಗ ನಾನಲ್ಲೇ ಇದ್ದೆ.”

“ನಿದ್ದೇಲಿದ್ದೆ ಅಕ್ಕಾ.”

“ಅಪ್ಪ ಹೇಳುವಾಗ ಎಚ್ಚರ ಇದ್ದೆ ಕಣೋ.” ಅವಳು ಸಭೆಯ ಕಡೆ ನೋಡಿದಳು. “ಮೊದಮೊದಲು ಬರೀ ಲೋಟದ ಸದ್ದು ಕೇಳ್ತಿತ್ತು, ಸ್ವಾಮಿ. ಆಮೇಲೆ ಮಾತು. ಹೆಣ ಸುಟ್ಟು ಬಂದವರು ಇಡ್ಲಿ ಬಿಸಿ ಇಲ್ಲ ಅಂತ ಸಪ್ಲೈಯರನ್ನ ಬೈತಾರೆ. ಬೈದು, ಅವನ ಹೆಗಲ ಮೇಲೇ ಅಳ್ತಾರೆ. ಡ್ರೈವರುಗಳು ಹೆಂಡ್ತೀರ ಮೇಲೆ ದೂರು ಹೇಳ್ತಾರೆ. ಈಗ ಹಾಡೂ ಬಂದಿದೆ. ಎಲ್ಲ ನನ್ನ ಕಿವಿಯಲ್ಲೇ, ಗಟ್ಟಿಯಾಗಿ. ಇವತ್ತು ಬೆಳಿಗ್ಗೆಯಿಂದ ಊರು ಹಾದು ಬಂದೆ. ಒಬ್ಬರಾದ್ರೂ ನನ್ನ ಮುಂದೆ ಬಾಯಿ ಬಿಟ್ಟು ಮಾತಾಡಿದ್ರಾ? ನೀವೂ ಪಿಸುಗುಡ್ತಿದೀರಿ.”

ಅಧಿಕಾರಿಗಳು ಏನೋ ಹೇಳಲು ಹೋಗಿ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡು ನಿಲ್ಲಿಸಿದರು.

“ಅದು ಸ್ವಲ್ಪ ದಿನ ಅಕ್ಕಾ,” ಎಂದೆ ನಾನು. “ರೂಢಿ ಹೋಗುತ್ತೆ. ಇಲ್ಲದಿದ್ದರೆ ಬೇರೆ ಊರಿಗೆ ಹೋಗೋಣ. ಬೆಳಿಗ್ಗೆ ನೀನೇ ನೋಡಿದೆಯಲ್ಲ? ಬಿಸಿಲು? ಹಗಲು ಅಕ್ಕಾ, ಇಡೀ ಹಗಲು! ಕೊಡ್ತಿದಾರೆ. ತಗೋ.”

ಅಕ್ಕ ನನ್ನ ಅಂಗಿಯ ತೋಳಿಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ತೆಗೆದಳು. ಆಮೇಲೆ,

“ನೀನೇ ಇಟ್ಕೋ,” ಎಂದಳು. “ನಾನು ಒಲ್ಲೆ.”